ಓಕ್ ಪೀಪಾಯಿಯ ಹುಳಿ ಆಂಬರ್: ಮೊದಲ ಗುಟುಕಿಗೆ 2.5, ಕೊನೆಯ ಗುಟುಕಿಗೆ 4. ಯಾವ ಅಂಕ ಬರೆಯಲಿ?

ನೊರೆಗೆರೆ

ಮೂರು ವರ್ಷದಿಂದ ಕುಡಿದ ಪ್ರತಿ ಬಿಯರ್ ಬಗ್ಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. 5ಕ್ಕೆ ಇಷ್ಟು ಅಂತ ಅಂಕ, ಅದರ ಕೆಳಗೆ ನಾಲ್ಕೈದು ಸಾಲು. ಲಾಗರ್, ಸ್ಟೌಟ್, ಐಪಿಎ ಯಾವುದಕ್ಕೂ ಅಂಕ ಕೊಡುವಾಗ ಪೆನ್ನು ನಿಂತಿದ್ದಿಲ್ಲ. ಮೊನ್ನೆ ಶನಿವಾರ ನಿಂತಿತು.

ಸಣ್ಣ ಬ್ರೂವರಿಯೊಂದರ ಸವರ್ ಆಂಬರ್, ಅಂದರೆ ತಾಮ್ರಬಣ್ಣದ ಹುಳಿ ಬಿಯರ್ ಅದು. 375 ಎಂಎಲ್ ಬಾಟಲಿ, ಕಾರ್ಕ್ ಹಾಕಿ ತಂತಿ ಬಿಗಿದಿದ್ದರು. ಲೇಬಲ್ ಮೇಲೆ 'ಓಕ್ ಪೀಪಾಯಿಯಲ್ಲಿ 14 ತಿಂಗಳು, ಆಲ್ಕೋಹಾಲ್ 6.4%' ಅಂತ ಇತ್ತು, ಅಷ್ಟೇ. ಫ್ರಿಜ್ಜಿನಿಂದ ತೆಗೆದು ಸೀದಾ ಗ್ಲಾಸಿಗೆ ಸುರಿದೆ.

ಆಗ ಬರೆದಿದ್ದು ಇದು: 'ಉಜ್ಜಿದ ತಾಮ್ರದ ಬಣ್ಣ, ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಕೆಂಪು. ನೊರೆ ಎರಡು ಬೆರಳು ಎದ್ದಿತು, ಒಂದು ನಿಮಿಷದಲ್ಲಿ ಕುಸಿಯಿತು, ಗ್ಲಾಸಿನ ಒಳಸುತ್ತು ದಾರದಂಥ ಗೆರೆ ಉಳಿಯಿತು. ಮೂಗಿಗೆ ಬರೀ ವಿನೆಗರ್. ಗುಟುಕು ಹಾಕಿದರೆ ಕಿವಿಯ ಬುಡದವರೆಗೂ ಜುಮ್ ಅಂತು. ಮಾಲ್ಟ್, ಅಂದರೆ ಮೊಳಕೆ ಬಾರ್ಲಿಯ ಸಿಹಿ, ಎಲ್ಲೂ ಸಿಗಲಿಲ್ಲ. 2.5.'

ಅಷ್ಟರಲ್ಲಿ ಒಂದು ಫೋನ್ ಬಂತು. ಮಾತು ಮುಗಿಸಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಗ್ಲಾಸಿನ ಹೊರಗಿನ ನೀರಹನಿ ಆರಿತ್ತು. ಎತ್ತಿ ಮೂಸಿದರೆ ಬೇರೆ ಯಾರೋ ಗ್ಲಾಸ್ ಬದಲಾಯಿಸಿದ ಹಾಗೆ! ಚೆರಿ, ಒಣದ್ರಾಕ್ಷಿ, ಮಳೆಗೆ ನೆಂದ ಮರದ ವಾಸನೆ. ವಿನೆಗರ್ ಇತ್ತು, ಆದರೆ ಹಿಂದೆ ಸರಿದು ನಿಂತಿತ್ತು. ಬಾಯಲ್ಲಿ ಮೊದಲು ಕ್ಯಾರಮೆಲ್ಲಿನ ಸಿಹಿ, ಅದರ ಬೆನ್ನಿಗೇ ಹುಳಿ. ನುಂಗಿದ ಮೇಲೆ ಒಸಡೆಲ್ಲ ತರಿತರಿ. ಆ ಕೊನೆಯ ಕಾಲು ಗ್ಲಾಸಿಗೆ 4 ಕೊಟ್ಟೆ.

ಈಗ ನೋಟ್‌ಬುಕ್ಕಿನಲ್ಲಿ ಒಂದೇ ಬಾಟಲಿಗೆ ಎರಡು ಅಂಕ. ಯಾವುದು ಸರಿ? ವಿನೆಗರ್ ವಾಸನೆ ಇಂಥ ಬಿಯರಿನಲ್ಲಿ ಇರಬೇಕಾದ್ದೋ, ಕೆಟ್ಟಿದ್ದರ ಗುರುತೋ? 'ತುಂಬಾ ಹುಳಿ' ಅನ್ನೋದನ್ನು ಅಂಕದಲ್ಲಿ ಹೇಗೆ ಹಿಡಿಯೋದು? ಇನ್ನೂ ಎರಡು ಬಾಟಲಿ ಇವೆ. ಈ ಸಲ ಸರಿಯಾಗಿ ಕುಡಿಯಬೇಕು ಅಂತಿದ್ದೇನೆ.

ಹಳೆಪೀಪಾಯಿ

ನಿಮ್ಮ ಎರಡೂ ಟಿಪ್ಪಣಿ ಸರಿಯಾಗಿವೆ, ಯಾವುದನ್ನೂ ಹೊಡೆದು ಹಾಕಬೇಡಿ. ಆದರೆ ಅಂಕ ಕೊಡಬೇಕಾದ್ದು ಎರಡನೆಯದಕ್ಕೆ.

ಫ್ರಿಜ್ಜಿನ ಚಳಿಯಲ್ಲಿ ಬಿಯರಿನ ಘಮ ಮೇಲೇಳೋದೇ ಇಲ್ಲ. ನಾಲಿಗೆಗೆ ಸಿಹಿಯೂ ಕಡಿಮೆ ಗೊತ್ತಾಗುತ್ತದೆ. ಗ್ಯಾಸು, ಹುಳಿ, ಒಗರು ಮಾತ್ರ ಮುಂದೆ ಬಂದು ನಿಲ್ಲುತ್ತವೆ. ಲಾಗರಿಗೆ ಅದು ನಡೆಯುತ್ತೆ. ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿ ಬಂದ ಬಿಯರಿಗೆ ನಡೆಯಲ್ಲ. ಇದಕ್ಕೆ 10ರಿಂದ 13 ಡಿಗ್ರಿ ಬೇಕು. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಡಿ. ಹೊಟ್ಟೆ ದಪ್ಪ, ಬಾಯಿ ಕಿರಿದು ಇರುವ ಗ್ಲಾಸಿಗೆ ಅರ್ಧದಷ್ಟೇ ಸುರಿಯಿರಿ.

ಇನ್ನು ಹುಳಿಯ ವಿಷಯ. ನೀವು ಬರೆದ 'ಒಸಡೆಲ್ಲ ತರಿತರಿ' ಅನ್ನೋ ಮಾತು ನನಗೆ ತುಂಬಾ ಹಿಡಿಸಿತು. ಅದು ಹುಳಿ ಅಲ್ಲ, ಒಗರು. ಇವೆರಡನ್ನೂ ಸೇರಿಸಿ 'ತುಂಬಾ ಹುಳಿ' ಅಂತ ಒಂದೇ ಮಾತಲ್ಲಿ ಬರೆದುಬಿಡುವವರು ಬಹಳ ಜನ. ಬೇರೆ ಮಾಡೋದು ಸುಲಭ. ನುಂಗಿದ ಮೇಲೆ ನಾಲಿಗೆಯನ್ನು ಕೆನ್ನೆಯ ಒಳಗೆ ಒಮ್ಮೆ ಆಡಿಸಿ. ಬಾಯಲ್ಲಿ ನೀರೂರಿದರೆ ಅದು ಹುಳಿ. ಜಾರಬೇಕಾದ ಕಡೆ ನಾಲಿಗೆ ತಡೆದರೆ ಅದು ಒಗರು. ಹುಳಿ ಕೊಡೋದು ಬ್ಯಾಕ್ಟೀರಿಯಾ. ಒಗರು ಬರೋದು ಹೆಚ್ಚಾಗಿ ಓಕ್ ಮರದ ಟ್ಯಾನಿನ್‌ನಿಂದ. ಎರಡಕ್ಕೂ ಬೇರೆ ಬೇರೆ ಸಾಲು ಬರೆಯಿರಿ.

ಹುಳಿಯಲ್ಲೂ ಎರಡು ಬಗೆ. ಲ್ಯಾಕ್ಟಿಕ್ ಅಂದರೆ ಮೊಸರಿನ ಹುಳಿ. ಮೆತ್ತಗೆ, ನಾಲಿಗೆ ಮೇಲೆ ಹರಡಿಕೊಳ್ಳುತ್ತೆ, ಮೂಗಿಗೆ ಸಿಗೋದೇ ಕಡಿಮೆ. ಅಸಿಟಿಕ್ ಅಂದರೆ ವಿನೆಗರಿನ ಹುಳಿ. ಇದು ಗಾಳಿಗೆ ಏಳುತ್ತೆ, ಅದಕ್ಕೇ ಕುಡಿಯುವ ಮೊದಲೇ ಮೂಗಿಗೆ ಹೊಡೆಯುತ್ತೆ, ಜಾಸ್ತಿಯಾದರೆ ಗಂಟಲು ಕೆರೆಯುತ್ತೆ. ಅಸಿಟಿಕ್ ಮಾಡುವ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕೇಬೇಕು. ಸ್ಟೀಲ್ ಟ್ಯಾಂಕಿನಲ್ಲಿ ಅದು ಸಿಗಲ್ಲ. ಮರ ಹಾಗಲ್ಲ, ಅದು ಚೂರುಚೂರೇ ಗಾಳಿ ಬಿಡುತ್ತೆ. ಹಾಗಾಗಿ ಓಕ್ ಪೀಪಾಯಿಯ ಸವರ್ ಬಿಯರಿನಲ್ಲಿ ವಿನೆಗರಿನ ಒಂದು ಎಳೆ ಇದ್ದರೆ ಅದು ತಪ್ಪಲ್ಲ, ಹುಟ್ಟುಗುಣ.

ಈ ಕುಲದ ಹಿರಿಯ ಬಿಯರ್ ಇರೋದು ಬೆಲ್ಜಿಯಂನ ಪಶ್ಚಿಮ ಫ್ಲಾಂಡರ್ಸ್‌ನಲ್ಲಿ. ರೂಸೆಲಾರೆ ಊರಿನ ರೋಡೆನ್‌ಬಾಕ್ ಬ್ರೂವರಿ ಶುರುವಾಗಿದ್ದು 1821ರಲ್ಲಿ. ಅಲ್ಲಿ ನೆಟ್ಟಗೆ ನಿಲ್ಲಿಸಿದ ದೊಡ್ಡ ದೊಡ್ಡ ಓಕ್ ತೊಟ್ಟಿಗಳಿವೆ, ಒಟ್ಟು 294. ಅವರ ಗ್ರ್ಯಾಂಡ್ ಕ್ರೂ ಬಿಯರಿನಲ್ಲಿ ಮೂರರಲ್ಲಿ ಎರಡು ಪಾಲು ತೊಟ್ಟಿಯಲ್ಲಿ ಎರಡು ವರ್ಷ ಮಾಗಿದ್ದು, ಉಳಿದ ಒಂದು ಪಾಲು ಎಳೆಯ ಬಿಯರ್. ಆ ಒಂದು ಪಾಲು ಸುಮ್ನೆ ಪ್ರಮಾಣ ಹೆಚ್ಚಿಸಲು ಹಾಕಿದ್ದಲ್ಲ. ಹುಳಿಗೆ ಎದುರು ನಿಲ್ಲೋ ಮಾಲ್ಟಿನ ಸಿಹಿ ಬರೋದೇ ಅದರಿಂದ. ನಿಮ್ಮ ಬಾಟಲಿ ಬೆಚ್ಚಗಾದ ಮೇಲೆ ಬಂತಲ್ಲ, ಆ ಕ್ಯಾರಮೆಲ್? ಅಂಕ ಕೊಡುವಾಗ ನಾನು ಮೊದಲು ಹುಡುಕೋದು ಅದನ್ನೇ. ಹುಳಿ ಎಷ್ಟಿದೆ ಅಂತ ಅಳೆಯಲ್ಲ. ಆ ಹುಳಿಯನ್ನು ಹೊರುವಷ್ಟು ಮಾಲ್ಟ್ ಕೆಳಗೆ ಇದೆಯಾ ಅಂತ ನೋಡುತ್ತೇನೆ.

ಪೀಪಾಯಿಯ ಗಾತ್ರವೂ ಮುಖ್ಯ. ವೈನಿನ ಮಾಮೂಲಿ ಪೀಪಾಯಿ 225 ಲೀಟರ್. ರೂಸೆಲಾರೆಯ ತೊಟ್ಟಿಗಳು ಸಾವಿರಾರು ಲೀಟರಿನವು. ಪೀಪಾಯಿ ಚಿಕ್ಕದಾದಷ್ಟೂ ಪ್ರತಿ ಲೀಟರಿಗೆ ತಾಗುವ ಮರ ಜಾಸ್ತಿ, ಒಳಬರುವ ಗಾಳಿಯೂ ಜಾಸ್ತಿ. ಆದ್ದರಿಂದ ಸಣ್ಣ ಬ್ರೂವರಿಯ 14 ತಿಂಗಳನ್ನು ಅಲ್ಲಿನ 14 ತಿಂಗಳಿಗೆ ಹೋಲಿಸಬೇಡಿ. ಹೊಸ ಪೀಪಾಯಿ ಆಗಿದ್ದರೆ ವೆನಿಲ್ಲಾ, ತೆಂಗಿನಕಾಯಿಯ ಹಾಗೊಂದು ಘಮವೂ ಇರುತ್ತೆ. ಮೂರ್ನಾಲ್ಕು ಸಲ ತುಂಬಿ ಖಾಲಿ ಮಾಡಿದ ಪೀಪಾಯಿಯಲ್ಲಿ ಮರದ ರುಚಿ ಬಹಳಷ್ಟು ತೀರಿರುತ್ತದೆ. ಆಮೇಲೆ ಅದು ಯೀಸ್ಟು, ಬ್ಯಾಕ್ಟೀರಿಯಾಗಳ ಮನೆ. ನಿಮಗೆ ಒಸಡು ಒಣಗಿತು ಅಂದರೆ ಮರ ಇನ್ನೂ ಹರೆಯದಲ್ಲಿದೆ ಅನಿಸುತ್ತೆ.

ಅಂಕಕ್ಕೆ ನಾನು ಬಿಜೆಸಿಪಿ (ಬಿಯರ್ ತೀರ್ಪುಗಾರರ ಸಂಸ್ಥೆ) ಹಾಳೆ ಇಟ್ಟುಕೊಳ್ಳುತ್ತೇನೆ. ಒಟ್ಟು 50. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆಗೆ 10. ನೋಟಕ್ಕೆ ಮೂರೇ ಮೂರು ಅಂತ ಗಮನಿಸಿ. ನೊರೆ ಬೇಗ ಇಳಿಯಿತು ಅಂತ ಈ ಬಿಯರಿಗೆ ಅಂಕ ಕಳೆಯಬೇಡಿ. ಇಷ್ಟು ಹುಳಿಯಲ್ಲಿ, ಇಷ್ಟು ಕಾಲ ಮಾಗಿದ ಮೇಲೆ ನೊರೆ ನಿಲ್ಲೋದು ಕಷ್ಟ.

ಎರಡನೇಗ್ಲಾಸ್

ಹಳೆಪೀಪಾಯಿ ಅವರು ಹೇಳಿದ್ದರಲ್ಲಿ ಒಂದಕ್ಕೆ ನನ್ನ ತಕರಾರಿದೆ. ಹಾಳೆಯ ಅಂಕ ಬಿಯರನ್ನು ಅದರ ಕುಲಕ್ಕೆ ಹೋಲಿಸಿ ಕೊಡೋದು. 'ನನಗೆ ಇನ್ನೊಂದು ಗ್ಲಾಸ್ ಬೇಕಾ' ಅನ್ನೋದಕ್ಕೆ ಅಲ್ಲಿ ಜಾಗವೇ ಇಲ್ಲ. ಚೆನ್ನಾಗಿ ಮಾಡಿದ ಬಿಯರ್ ನನಗೆ ಸೇರದೇ ಹೋಗಬಹುದು. ತಪ್ಪಿರುವ ಬಿಯರ್ ಇಷ್ಟವಾಗಬಹುದು. ನನ್ನ ಪುಸ್ತಕದಲ್ಲಿ ಎರಡು ಅಂಕಣ ಇವೆ: ಹೇಗೆ ಮಾಡಿದ್ದಾರೆ, ನನಗೆ ಹೇಗೆ ಅನಿಸಿತು. ಎರಡನ್ನೂ ಕೂಡಿಸಿ ಸರಾಸರಿ ತೆಗೆಯೋದಿಲ್ಲ.

ಇನ್ನೊಂದು ಮಾತು. ಸವರ್ ಬಿಯರಿನ ಮೊದಲ ಗುಟುಕಿಗೆ ಯಾವತ್ತೂ ಅಂಕ ಕೊಡಬೇಡಿ. ಮಾಮೂಲಿ ಬಿಯರಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಸಾಮಾನ್ಯವಾಗಿ 4ರ ಮೇಲೆ ಇರುತ್ತೆ. ಇಂಥವು ಸಾಮಾನ್ಯವಾಗಿ 3.2ರಿಂದ 3.6ರ ಒಳಗೆ. ಬಾಯಿಗೆ ಅದು ಪೆಟ್ಟು ಬಿದ್ದ ಹಾಗೆ, ಹೊಂದಿಕೊಳ್ಳೋಕೆ ಹೊತ್ತು ಬೇಕು. ನಾನು ಚಿಕ್ಕ ಚಿಕ್ಕದಾಗಿ ಮೂರು ಗುಟುಕು ಕುಡಿದು, ನಾಲ್ಕನೆಯದಕ್ಕೆ ಪೆನ್ನು ತೆಗೆಯುತ್ತೇನೆ. ಅದೇ ಸಂಜೆ ನಾಲ್ಕೈದು ಸವರ್ ರುಚಿ ನೋಡಿದರೆ ಇನ್ನೊಂದು ಕಷ್ಟ. ಕೊನೆಯ ಹೊತ್ತಿಗೆ ನಾಲಿಗೆ ಸೋತಿರುತ್ತೆ, ಎಲ್ಲವೂ ಒಂದೇ ಥರ ಕಾಣುತ್ತೆ. ದಿನಕ್ಕೆ ಎರಡು ಸಾಕು. ನಡುವೆ ನೀರು, ಒಂದು ಚೂರು ಸಪ್ಪೆ ಬ್ರೆಡ್.

ಈ ಬಿಯರನ್ನು ಯಾವುದಕ್ಕೆ ಹೋಲಿಸಬೇಕು ಅಂತ ಗೊತ್ತಿಲ್ಲದಿದ್ದರೆ ರೋಡೆನ್‌ಬಾಕ್ ಥರದ 'ಫ್ಲಾಂಡರ್ಸ್ ರೆಡ್' ಬಿಯರ್ ಜೊತೆ ಇಡಿ, ಬಣ್ಣ ಮತ್ತು ಮಾಲ್ಟ್ ಹತ್ತಿರ ಬರುತ್ತವೆ. ಅಮೆರಿಕದ ಕ್ರಾಫ್ಟ್ ಬ್ರೂವರಿಗಳಿಗೂ ಈ ಬೇರು ಫ್ಲಾಂಡರ್ಸ್‌ನಿಂದಲೇ ಹಬ್ಬಿದ್ದು. ರೋಡೆನ್‌ಬಾಕ್‌ನಲ್ಲಿ ಕೆಲಸ ಮಾಡಿದ್ದ ಪೀಟರ್ ಬೌಕರ್ಟ್ 1996ರಲ್ಲಿ ಕೊಲೊರಾಡೋದ ನ್ಯೂ ಬೆಲ್ಜಿಯಂ ಬ್ರೂವರಿಗೆ ಬಂದರು. ಅಲ್ಲಿನ ಓಕ್ ಸವರ್ 'ಲಾ ಫೋಲಿ' ಅವರ ಕಾಲದ್ದು. ಸಿಹಿ ಕಡೆಗೆ ವಾಲಿದ್ದು ಬೇಕಿದ್ದರೆ ವೆರ್ಹಾಗೆ ಬ್ರೂವರಿಯ ಡಚೆಸ್ ದ ಬೂರ್ಗೋನ್ ಕುಡಿದು ನೋಡಿ. ಅದರ ಪಕ್ಕ ನಿಮ್ಮ ಬಾಟಲಿ ಇಟ್ಟರೆ ಎಷ್ಟು ಒಣ, ಎಷ್ಟು ಸಿಹಿ ಅನ್ನೋದು ತಾನಾಗೇ ತಿಳಿಯುತ್ತೆ.

ಮಾಲ್ಟ್‌ಮನೆ

ವಿನೆಗರ್ ಎಲ್ಲಿಯವರೆಗೆ ಗುಣ, ಎಲ್ಲಿಂದ ದೋಷ ಅನ್ನೋದನ್ನು ನಾನು ನನ್ನದೇ ಪೀಪಾಯಿಯಲ್ಲಿ ಕಲಿತೆ. ಮನೆಯಲ್ಲೇ ಬಿಯರ್ ಮಾಡುತ್ತೇನೆ. ಒಂದು 20 ಲೀಟರಿನ ಓಕ್ ಪೀಪಾಯಿ ತಂದು ಆಂಬರ್ ತುಂಬಿಸಿದೆ. ಮರ ಬಿಯರನ್ನು ಕುಡಿಯುತ್ತೆ, ಹೊರಗೆ ಆವಿಯೂ ಆಗುತ್ತೆ. ಒಳಗೆ ಮಟ್ಟ ಇಳಿದು ಮೇಲೆ ಗಾಳಿ ತುಂಬಿಕೊಳ್ಳುತ್ತೆ. ತಿಂಗಳಿಗೊಮ್ಮೆ ಮೇಲಿಂದ ಬಿಯರ್ ತುಂಬಿಸಬೇಕಿತ್ತು, ನಾನು ಐದು ತಿಂಗಳು ಮುಟ್ಟಲಿಲ್ಲ.

ಬಿರಡೆ ತೆಗೆದಾಗ ಬಂದ ಗಾಟು ಈಗಲೂ ನೆನಪಿದೆ. ವಿನೆಗರ್ ಮಾತ್ರ ಅಲ್ಲ, ಅದರ ಮೇಲೊಂದು ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ. ಅದು ಈಥೈಲ್ ಅಸಿಟೇಟ್. ಅಸಿಟಿಕ್ ಆಮ್ಲವೂ ಆಲ್ಕೋಹಾಲೂ ಸೇರಿ ಆಗೋದು. ನೊರೆಗೆರೆ ಅವರೇ, ನಿಮ್ಮ ಗ್ಲಾಸಿನಲ್ಲಿ ಆ ವಾಸನೆ ಬಂದಿತ್ತಾ? ಬಂದಿದ್ದರೆ, ಬೆಚ್ಚಗಾದ ಮೇಲೆ ಇನ್ನೂ ಜಾಸ್ತಿಯಾಗಬೇಕಿತ್ತು. ನಿಮ್ಮಲ್ಲಿ ವಿನೆಗರ್ ಹಿಂದೆ ಸರಿದು ಚೆರಿ ಮುಂದೆ ಬಂತು ಅಂದಿರಿ. ಅದು ಒಳ್ಳೆಯ ಲಕ್ಷಣ. ದೋಷ ಇದ್ದ ಬಿಯರ್ ಬೆಚ್ಚಗಾದಷ್ಟೂ ಕೆಡುತ್ತಾ ಹೋಗುತ್ತೆ.

ನನ್ನ ಆ 20 ಲೀಟರನ್ನು ಪೂರ್ತಿ ಚೆಲ್ಲಲು ಮನಸ್ಸು ಬರಲಿಲ್ಲ. ಸೂಜಿ ಇಲ್ಲದ ಸಿರಿಂಜು ತಗೊಂಡು ಅಳೆದೆ. 10 ಎಂಎಲ್ ಪೀಪಾಯಿಯದು, 30 ಎಂಎಲ್ ಎಳೆಯ ಆಂಬರ್. ಆಗಲೂ ಗಂಟಲು ಕೆರೆಯಿತು. 10ಕ್ಕೆ 60 ಹಾಕಿದೆ, ತಕ್ಕಮಟ್ಟಿಗೆ ಬಂತು. 10ಕ್ಕೆ 80 ಹಾಕಿದಾಗ ಮೊದಲ ಸಲ ಕಣ್ಣು ಮುಚ್ಚಿ ಎರಡನೇ ಗುಟುಕು ಕುಡಿದೆ. ಹುಳಿ ತೆಳ್ಳಗಾಗಿ ಚೆರಿಯ ಹಾಗೆ ಆಗಿತ್ತು, ಮಾಲ್ಟ್ ತುಂಬಿಕೊಂಡಿತ್ತು. ಅವತ್ತು ಬ್ಲೆಂಡಿಂಗ್ ಅಂದರೆ ಏನು ಅಂತ ಅರ್ಥವಾಯಿತು. 20 ಲೀಟರಿನಲ್ಲಿ ಎರಡು ಲೀಟರ್ ಮಾತ್ರ ಬಳಸಿದೆ. ಉಳಿದದ್ದು ಹೋಯಿತು.

ಇನ್ನೂ ಎರಡು ದೋಷ ಗಮನಿಸಿ. ಒಂದು, ಬೆಣ್ಣೆಯ ವಾಸನೆ. ಅದು ಪೀಡಿಯೋಕಾಕಸ್ ಬ್ಯಾಕ್ಟೀರಿಯಾದ ಕೆಲಸ. ಪೀಪಾಯಿಯಲ್ಲಿ ಬ್ರೆಟ್ಟನೋಮೈಸಿಸ್ ಯೀಸ್ಟ್ ಇದ್ದು, ಅದಕ್ಕೆ ಬೇಕಾದಷ್ಟು ತಿಂಗಳು ಸಿಕ್ಕಿದರೆ ಆ ಬೆಣ್ಣೆಯನ್ನು ತಿಂದು ಹಾಕುತ್ತೆ. ಬಾಟಲಿಯಲ್ಲಿ ಬೆಣ್ಣೆ ಸಿಕ್ಕರೆ ಅವಸರದಲ್ಲಿ ತೆಗೆದಿದ್ದಾರೆ ಅಂತ ಅರ್ಥ. ಇನ್ನೊಂದು ಮೋಸದ್ದು. ಮೂಸಿದರೆ ಏನೂ ಇಲ್ಲ, ಕುಡಿದರೂ ಏನೂ ಇಲ್ಲ. ನುಂಗಿ ಹತ್ತು ಎಣಿಸುವಷ್ಟರಲ್ಲಿ ಬಾಯಲ್ಲಿ ಇಲಿ ಗೂಡಿನಂಥ ಮುಗ್ಗಲು ವಾಸನೆ ಏಳುತ್ತೆ. ಬಿಯರಿನ ಹುಳಿಯಲ್ಲಿ ಅಡಗಿದ್ದದ್ದು ಎಂಜಲು ಸೇರಿ ಹುಳಿ ಇಳಿದಾಗ ಹೊರಗೆ ಬರೋದು. ಅದಕ್ಕೇ ಗುಟುಕು ಮುಗಿದ ಕೂಡಲೇ ಬರೆಯಬೇಡಿ, ಕಾಯಿರಿ.

ನೊರೆಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಎರಡನೇ ಬಾಟಲಿ ತೆಗೆದೆ. ಅರ್ಧ ಗಂಟೆ ಹೊರಗಿಟ್ಟು, ಗ್ಲಾಸಿಗೆ ಸುರಿದು ಥರ್ಮಾಮೀಟರ್ ಅದ್ದಿದೆ. 12 ಡಿಗ್ರಿ. ಫೋನ್ ಬೇರೆ ಕೋಣೆಯಲ್ಲಿ ಇಟ್ಟಿದ್ದೆ.

ಮೂರು ಗುಟುಕಿನವರೆಗೆ ಪೆನ್ನು ಮುಟ್ಟಲಿಲ್ಲ. ನಾಲ್ಕನೆಯದರಲ್ಲಿ ಮೊದಲು ಸಿಕ್ಕಿದ್ದು ಚೆರಿ, ಅದೂ ಹಣ್ಣಿನದಲ್ಲ, ಬೀಜದ ಹತ್ತಿರದ ಆ ಸಣ್ಣ ಕಹಿ ಇರುತ್ತಲ್ಲ, ಅದು. ಆಮೇಲೆ ಕ್ಯಾರಮೆಲ್, ಸುಟ್ಟ ಬ್ರೆಡ್ಡಿನ ಅಂಚು. ವಿನೆಗರ್ ಇದೆ. ಮೂಗಿಗೆ ಗ್ಲಾಸ್ ಒಯ್ಯುವಾಗ ಅದೇ ಮೊದಲು ಎದುರಾಗುತ್ತೆ, ಎರಡನೇ ಉಸಿರಿಗೆ ದಾರಿ ಬಿಡುತ್ತೆ. ನೇಲ್ ಪಾಲಿಶ್ ಇಲ್ಲ. ಬೆಣ್ಣೆ ಇಲ್ಲ. ಹತ್ತು ಎಣಿಸಿ, ಇನ್ನೂ ಹತ್ತು ಎಣಿಸಿದೆ, ಇಲಿ ವಾಸನೆಯೂ ಬರಲಿಲ್ಲ.

ನಾಲಿಗೆಯನ್ನು ಕೆನ್ನೆಗೆ ಆಡಿಸೋದು ಮಾತ್ರ ನನಗೆ ಹೊಸ ಬಾಗಿಲು ತೆಗೆಯಿತು. ಮೊದಲು ಬಾಯಿ ತುಂಬ ನೀರೂರಿತು. ಅದು ಇಳಿಯುತ್ತಿದ್ದಂತೆ ಕೆನ್ನೆಯ ಒಳಗೆ ತಡೆಯಿತು, ಮೇಲಿನ ಹಲ್ಲಿನ ಹಿಂದೆ ಜಾಸ್ತಿ. ಎರಡೂ ಒಂದೇ ಗುಟುಕಿನಲ್ಲಿ, ಆದರೆ ಒಂದಾದ ಮೇಲೊಂದು. ಕಳೆದ ಸಲ 'ತುಂಬಾ ಹುಳಿ' ಅಂತ ಬರೆದಿದ್ದರಲ್ಲಿ ಅರ್ಧ ಈ ಒಗರೇ. ಹುಳಿ ನನಗೆ ಸರಿಯಾಗೇ ಇದೆ. ಮರ ಒಂಚೂರು ಜಾಸ್ತಿ. ಗ್ಲಾಸ್ ಮುಗಿಯುವ ಹೊತ್ತಿಗೆ ಕ್ಯಾರಮೆಲ್ ದಣಿದು ಒಗರು ಮಾತ್ರ ಉಳಿಯುತ್ತೆ, ಅಲ್ಲಿ ಬಿಯರ್ ಸ್ವಲ್ಪ ಸೋಲುತ್ತೆ.

ಹಾಳೆ ತುಂಬಿದೆ. ವಾಸನೆ 9, ನೋಟ 3, ರುಚಿ 14, ಬಾಯಿಯ ಅನುಭವ 3, ಒಟ್ಟಾರೆ 7. ಕೂಡಿದರೆ 36. ನನ್ನ ಲೆಕ್ಕದಲ್ಲಿ 5ಕ್ಕೆ 3.6. ಪಕ್ಕದಲ್ಲಿ ಎರಡನೇಗ್ಲಾಸ್ ಅವರು ಹೇಳಿದ ಅಂಕಣ ಎಳೆದು 'ನನಗೆ: 4' ಅಂತ ಬರೆದೆ. ಹಳೆಯ 2.5 ಹೊಡೆದು ಹಾಕಿಲ್ಲ, ಅದರ ಮುಂದೆ 'ಫ್ರಿಜ್ಜಿನ ಚಳಿ, ಮೊದಲ ಗುಟುಕು' ಅಂತ ಸೇರಿಸಿದ್ದೇನೆ.

ಇನ್ನೊಂದು ಬಾಟಲಿ ಇದೆ. ಒಂದು ವರ್ಷ ಇಟ್ಟರೆ ಈ ಒಗರು ಇಳಿಯುತ್ತಾ?

ಹಳೆಪೀಪಾಯಿ

ಒಗರು ಸಾಮಾನ್ಯವಾಗಿ ಮೆತ್ತಗಾಗುತ್ತೆ. ಆದರೆ ಒಳಗೆ ಬ್ರೆಟ್ಟನೋಮೈಸಿಸ್ ಜೀವಂತ ಇದ್ದರೆ ಉಳಿದ ಸಿಹಿಯನ್ನೂ ಅದು ತಿನ್ನುತ್ತಾ ಹೋಗುತ್ತೆ, ಆಗ ನಿಮ್ಮ ಕ್ಯಾರಮೆಲ್ ಇನ್ನೂ ತೆಳ್ಳಗಾಗುತ್ತೆ. ಲೇಬಲ್ಲಿನಲ್ಲಿ ಪಾಶ್ಚರೀಕರಿಸಿದ್ದು (ಬಿಸಿ ಮಾಡಿ ಯೀಸ್ಟ್ ಕೊಂದದ್ದು) ಅಂತ ಇದೆಯಾ ನೋಡಿ, ಇದ್ದರೆ ಆ ಭಯ ಇಲ್ಲ. ಬೆಳಕು ಬೀಳದ, ತಂಪಾದ ಜಾಗದಲ್ಲಿ ಬಾಟಲಿ ನಿಲ್ಲಿಸಿ ಇಡಿ. ತೆಗೆಯುವ ದಿನ ಈ ಹಾಳೆಯನ್ನು ನೋಡದೆ ಹೊಸ ಹಾಳೆ ತುಂಬಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಏನು ಬಂತು ಅಂತ ಇಲ್ಲೇ ಬರೆಯಿರಿ, ನನಗೂ ಬೇಕು.